ಆಷಾಢದಲ್ಲಿ ಅಕ್ಷರದ ಕೂಲಿ

ಕನ್ನಡದಲ್ಲಿ ಬರೆದವರ ಕೈಗೆ ಬರುವ ಕಾಸಿಗೆ ಎರಡು ಹೆಸರುಗಳಿವೆ. ಒಂದು ಸಂಭಾವನೆ, ಇನ್ನೊಂದು ಗೌರವಧನ. ಎರಡೂ ನಮ್ಮ ಕೇರಿಯಲ್ಲಿ ಹುಟ್ಟಿದ ಮಾತುಗಳಲ್ಲ. ಮದುವೆ, ಮುಂಜಿ, ತಿಥಿಗಳಲ್ಲಿ ಎಲೆಅಡಿಕೆಯ ಜೊತೆ ಪುರೋಹಿತನ ಕೈಗೆ ಹೋಗುತ್ತಿದ್ದದ್ದು ಸಂಭಾವನೆ. ಇಷ್ಟೇ ಕೊಡಿ ಎಂದು ಅದನ್ನು ಕೇಳುವಂತಿಲ್ಲ, ಎಲ್ಲರೆದುರು ಎಣಿಸುವಂತಿಲ್ಲ. ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಬೇಕು. ಎಣಿಸದೆ ಇರುವ ಆ ದೊಡ್ಡಸ್ತಿಕೆ ಸಾಧ್ಯವಾದದ್ದು ಎಷ್ಟೋ ಕಡೆ ಬೆನ್ನ ಹಿಂದೆ ಇನಾಮಿನ ಗದ್ದೆ ಇದ್ದದ್ದರಿಂದ. ಅದೇ ಮದುವೆಯ ಚಪ್ಪರಕ್ಕೆ ಸೊಪ್ಪು ಹೊತ್ತವನಿಗೆ, ಬಿಸಿಲಲ್ಲಿ ನಿಂತು ತಮಟೆ ಬಡಿದವನಿಗೆ ಸಿಕ್ಕಿದ್ದನ್ನು ಯಾರೂ ಸಂಭಾವನೆ ಅನ್ನಲಿಲ್ಲ. ಕೂಲಿ ಅಂದರು. ಕಣದ ಮೂಲೆಯಲ್ಲಿ ಗುಡಿಸಿ ಬಿಟ್ಟದ್ದನ್ನು ಆಯ ಅಂದರು. ಎಷ್ಟೋ ಸಲ ಏನೂ ಅನ್ನದೆ, ಏನೂ ಕೊಡದೆ, ಬಿಟ್ಟಿ ಮಾಡಿಸಿಕೊಂಡು ಕಳಿಸಿದರು.

ಗೌರವಧನ ಅನ್ನೋದು ಸರ್ಕಾರಿ ಕಾಗದದ ಪದ. ಈ ಪದ ಇವತ್ತು ಯಾರ ಹಣೆಗೆ ಅಂಟಿದೆ ನೋಡಿ. ಆಶಾ ಕಾರ್ಯಕರ್ತೆಯರಿಗೆ ಗೌರವಧನ, ಅಂಗನವಾಡಿಯವರಿಗೆ ಗೌರವಧನ, ಬಿಸಿಯೂಟ ಬೇಯಿಸುವ ತಾಯಂದಿರಿಗೆ ಗೌರವಧನ, ಸರ್ಕಾರಿ ಕಾಲೇಜಿನ ಅತಿಥಿ ಉಪನ್ಯಾಸಕರಿಗೆ ಗೌರವಧನ. ಸಂಬಳ ಅಂದರೆ ಕನಿಷ್ಠ ವೇತನದ ಕಾನೂನು ಎದ್ದು ನಿಲ್ಲುತ್ತದೆ. ರಜೆ ಕೇಳುತ್ತದೆ, ಪಿಂಚಣಿ ಕೇಳುತ್ತದೆ. ಗೌರವ ಅಂದುಬಿಟ್ಟರೆ ಬಾಯಿ ಕಟ್ಟಿತು. ಗೌರವ ಕೊಟ್ಟವರ ಹತ್ತಿರ ಚೌಕಾಸಿ ಮಾಡೋದುಂಟೆ?

ಈ ಎರಡರ ಜೊತೆ ಸೇರಿಕೊಂಡ ಮೂರನೆಯ ಪದ ಒಂದಿದೆ: ಹವ್ಯಾಸಿ. ಯಾವ ಪತ್ರಿಕೆಗೂ ನೌಕರನಾಗದೆ ಬಿಡಿಬಿಡಿಯಾಗಿ ಬರೆದು ಬದುಕುವವನನ್ನು ಕನ್ನಡ ಪತ್ರಿಕಾಲೋಕ ‘ಹವ್ಯಾಸಿ ಬರಹಗಾರ’ ಎಂದು ಕರೆದಿದೆ. ಇಂಗ್ಲಿಷಿನವರು ಇದಕ್ಕೆ ಫ್ರೀಲಾನ್ಸ್ ಅಂತಾರೆ. ವಾಲ್ಟರ್ ಸ್ಕಾಟ್ 1820ರ ಸುಮಾರಿನ ತನ್ನ ‘ಐವನ್‌ಹೋ’ ಕಾದಂಬರಿಯಲ್ಲಿ ಚಲಾವಣೆಗೆ ತಂದ ಪದ ಅದು: ಯಾವ ದೊರೆಗೂ ಕಟ್ಟುಬೀಳದೆ, ಕಾಸು ಕೊಟ್ಟವರ ಪರ ಭರ್ಜಿ ಹಿಡಿಯುವ ಕೂಲಿ ಸೈನಿಕ. ಆ ಪದದೊಳಗೆ ಕ್ರೌರ್ಯ ಇದ್ದರೂ ಲೆಕ್ಕ ಇದೆ. ಭರ್ಜಿಗೆ ಬೆಲೆ ಇದೆ. ನಮ್ಮ ಪದದೊಳಗೆ ಏನಿದೆ? ಹವ್ಯಾಸ. ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡು ಸಂಜೆ ಹೊತ್ತು ಮಾಡೋ ಕೆಲಸ. ಹವ್ಯಾಸಿಗೆ ಅನ್ನ ಬೇರೆಲ್ಲಿಂದಲೋ ಬರಬೇಕು. ಎಲ್ಲಿಂದ ಬರುತ್ತೆ ಅನ್ನೋದನ್ನು ಕೇಳುವ ಜರೂರು ಆ ಪದ ಹುಟ್ಟಿಸಿದವರಿಗೆ ಇರಲಿಲ್ಲ.

ಇದನ್ನೆಲ್ಲ ಈಗ ಎತ್ತುವುದಕ್ಕೆ ಕಾರಣ ಇದೆ. ಹೊಸದಾಗಿ ಬರೆಯುತ್ತಿರುವ ನಮ್ಮ ಹುಡುಗ ಹುಡುಗಿಯರು ಸಭೆ ಮುಗಿದ ಮೇಲೆ ಮೂಲೆಗೆ ಕರೆದು ಪಿಸುಮಾತಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ: ‘ಸಾರ್, ಕೆಲಸ ಇಲ್ಲದ ತಿಂಗಳಲ್ಲಿ ಬರೆದು ನಾಕು ಕಾಸು ದುಡಿಯೋಕೆ ದಾರಿ ಇದ್ಯಾ? ಚೆನ್ನಾಗಿ ಕೊಡೋರು ಯಾರಾದ್ರೂ ಇದಾರಾ?’ ಕದ್ದ ಮಾಲು ಮಾರೋರ ಹಾಗೆ ಪಿಸುಗುಟ್ಟುತ್ತಾರೆ. ವೇದಿಕೆಯ ಮೇಲೆ ಜೀತದ ವಿರುದ್ಧ ಗುಡುಗಿ ಇಳಿದವರು ತಮ್ಮ ಕೂಲಿಯ ಮಾತು ಬಂದಾಗ ಯಾಕೆ ಹೀಗೆ ಕುಗ್ಗುತ್ತಾರೆ? ಇದು ಹೊಟ್ಟೆಪಾಡಿನ ಪ್ರಶ್ನೆ ಮಾತ್ರವಲ್ಲ, ಸಾಹಿತ್ಯ ವಿಮರ್ಶೆಯ ಪ್ರಶ್ನೆ. ಯಾರು ಬರೆಯುತ್ತಾರೆ, ಎಷ್ಟು ದಿನ ಬರೆಯುತ್ತಾರೆ, ಯಾವ ವಯಸ್ಸಿಗೆ ಬರೆಯುವುದನ್ನು ನಿಲ್ಲಿಸುತ್ತಾರೆ ಎಂಬುದನ್ನು ತೀರ್ಮಾನಿಸುವುದರಲ್ಲಿ ಪ್ರತಿಭೆಗಿಂತ ದೊಡ್ಡ ಕೈ ಇದಕ್ಕಿದೆ. ನಮ್ಮ ವಿಮರ್ಶಕರು ಸಂವೇದನೆ, ಬದ್ಧತೆ, ಅನುಭವದ ಅಧಿಕೃತತೆ ಎಂದು ಪುಟಗಟ್ಟಲೆ ಬರೆದರು. ಕೂಲಿಯ ಬಗ್ಗೆ ಒಂದು ಸಾಲು ಬರೆದವರನ್ನು ನಾನು ಹೆಚ್ಚು ಕಂಡಿಲ್ಲ.

ಬರೆಯಲಿಲ್ಲ ಯಾಕೆ? ಕಾರಣ ಸರಳ. ನಮ್ಮ ಚಳವಳಿ ತಿಂಗಳ ಸಂಬಳದ ಮೇಲೆ ನಿಂತಿತ್ತು. 1973ರ ಬೂಸಾ ಗಲಾಟೆಯಿಂದ ಹಿಡಿದು 1979ರಲ್ಲಿ ಬಂಡಾಯ ಸಂಘಟನೆ ಕಟ್ಟುವ ತನಕ ಮುಂದೆ ನಿಂತವರನ್ನು ನೆನೆಯಿರಿ. ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಕಾಲೇಜು ಮೇಷ್ಟ್ರು. ಸಿದ್ಧಲಿಂಗಯ್ಯನವರು, ಬರಗೂರರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ಚೆನ್ನಣ್ಣ ವಾಲೀಕಾರರು ಗುಲ್ಬರ್ಗದಲ್ಲಿ, ಅರವಿಂದ ಮಾಲಗತ್ತಿಯವರು ಮೈಸೂರಿನಲ್ಲಿ. ಉಳಿದ ನೂರಾರು ಮಂದಿ ಬ್ಯಾಂಕಿನ ಗುಮಾಸ್ತರು, ಪ್ರೈಮರಿ ಶಾಲೆ ಮೇಷ್ಟ್ರುಗಳು, ತಾಲ್ಲೂಕು ಕಚೇರಿಯ ನೌಕರರು. ಮೀಸಲಾತಿ ಕೊಟ್ಟ ಸಂಬಳದಿಂದ ಪತ್ರಿಕೆಯ ಕಾಗದ ಬಂತು, ಬಸ್‌ಚಾರ್ಜು ಬಂತು, ಕವಿತೆ ಬಂತು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಬರವಣಿಗೆಯ ಕೂಲಿಯ ಪ್ರಶ್ನೆ ಏಳದೆ ಹೋದದ್ದು ಒಂದನೇ ತಾರೀಖು ಬೇರೆ ಕಡೆಯಿಂದ ಅನ್ನ ಬರುತ್ತಿದ್ದದ್ದರಿಂದ. ಆ ಮಟ್ಟಿಗೆ ನಾವೂ ಹವ್ಯಾಸಿಗಳಾಗಿದ್ದೆವು.

ಇವತ್ತು ಆ ಒಂದನೇ ತಾರೀಖು ಎಲ್ಲಿದೆ? ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಅತಿಥಿ ಉಪನ್ಯಾಸಕರು ಪಾಠ ಮಾಡುತ್ತಿದ್ದಾರೆ. ಕನ್ನಡ ಎಂ.ಎ., ಪಿಎಚ್.ಡಿ. ಮಾಡಿದ ನಮ್ಮ ಹುಡುಗರ ದೊಡ್ಡ ಗುಂಪು ಅಲ್ಲಿದೆ. ಹೆಸರಲ್ಲಿ ಅತಿಥಿ, ಹತ್ತು ಹದಿನೈದು ವರ್ಷ ಕಳೆದರೂ ಅತಿಥಿಯೇ. ಸೆಮಿಸ್ಟರ್ ಮುಗಿದರೆ ಮುಂದಿನ ಆದೇಶ ಬರುವ ತನಕ ಕೈಯಲ್ಲಿ ಕಾಸಿಲ್ಲ. ಬೇಸಿಗೆಯಲ್ಲಿ ಹೊಲದ ಕೂಲಿ ನಿಂತಾಗ ಅವ್ವಂದಿರು ಯಾವ ಲೆಕ್ಕ ಹಾಕುತ್ತಿದ್ದರೋ ಅದೇ ಲೆಕ್ಕವನ್ನು ಇವತ್ತು ಪಿಎಚ್.ಡಿ. ಮಾಡಿದ ಮಗ ಹಾಕುತ್ತಿದ್ದಾನೆ. ಬಿಡುವಿನ ಕಾಲ ಅನ್ನೋದು ಉಳ್ಳವರ ಪದ. ನಮ್ಮ ಕಡೆ ಅದು ಆಷಾಢ.

ಬರವಣಿಗೆಗೂ ಸುಗ್ಗಿ, ಆಷಾಢ ಇವೆ. ಯುಗಾದಿಗೆ ವಿಶೇಷಾಂಕ, ದೀಪಾವಳಿಗೆ ದಪ್ಪ ವಿಶೇಷಾಂಕ, ನವೆಂಬರಿನಲ್ಲಿ ರಾಜ್ಯೋತ್ಸವದ ಭಾಷಣಗಳೂ ಸ್ಮರಣ ಸಂಚಿಕೆಗಳೂ. ಆಷಾಢದಲ್ಲಿ ಮದುವೆ ಇಲ್ಲ, ಲಗ್ನಪತ್ರಿಕೆ ಇಲ್ಲ, ಸಣ್ಣ ಊರಿನ ಪ್ರೆಸ್ಸೂ ತಣ್ಣಗೆ. ಆದರೆ ದಲಿತ ಲೇಖಕನ ಪಂಚಾಂಗ ಇದಕ್ಕಿಂತಲೂ ಚಿಕ್ಕದು. ಅವನಿಗೆ ವರ್ಷದಲ್ಲಿ ಎರಡೇ ದಿನ: ಏಪ್ರಿಲ್ 14, ಡಿಸೆಂಬರ್ 6. ಹಿಂದಿನ ವಾರ ಫೋನು ಬರುತ್ತೆ. ‘ಬಾಬಾಸಾಹೇಬರ ಮೇಲೆ ಒಂದು ಎಂಟುನೂರು ಪದ ಕೊಡ್ರಿ, ನಾಳೆ ಸಂಜೆ ಒಳಗೆ.’ ಮಳೆಯ ಮೇಲೆ, ಕ್ರಿಕೆಟ್ಟಿನ ಮೇಲೆ, ಮಕ್ಕಳ ಕಾಯಿಲೆಯ ಮೇಲೆ, ಸಿನಿಮಾ ಹಾಡಿನ ಮೇಲೆ ಬರೆಯಲು ಅವನನ್ನು ಕರೆದದ್ದುಂಟೆ? ಇಲ್ಲ. ಅವನು ನೋವಿನ ಇಲಾಖೆ. ಬೆಂಕಿ ಬಿದ್ದಾಗ, ಬಹಿಷ್ಕಾರ ಆದಾಗ, ಮಲದ ಗುಂಡಿಯಲ್ಲಿ ಯಾರಾದರೂ ಸತ್ತಾಗ ಆ ಇಲಾಖೆಯ ಬಾಗಿಲು ತಟ್ಟುತ್ತಾರೆ. ಉಳಿದ ದಿನ ಆಷಾಢ.

ಈ ಕೇಡು ನಮ್ಮಲ್ಲಿ ಮಾತ್ರ ಇರುವುದಲ್ಲ. 1972ರಲ್ಲಿ ಮುಂಬಯಿಯ ಹುಡುಗರು ಅಮೆರಿಕದ ಕಪ್ಪು ಜನರಿಂದ ಪ್ಯಾಂಥರ್ ಎಂಬ ಹೆಸರನ್ನು ಎರವಲು ತಂದರು. ಆ ಜನರ ಲೇಖಕಿಯೊಬ್ಬಳ ಬದುಕಿನಿಂದ ನಾವು ತರಬೇಕಾದ ಪಾಠ ಇನ್ನೂ ಅಲ್ಲೇ ಉಳಿದಿದೆ. ಝೋರಾ ನೀಲ್ ಹರ್ಸ್ಟನ್. 1937ರ ಹೊತ್ತಿಗೆ ಮೂರು ಪುಸ್ತಕ ಬರೆದು ಹೆಸರು ಮಾಡಿದ್ದವಳು. 1950ರಲ್ಲಿ ಅವಳು ಎರಡು ಕೆಲಸ ಮಾಡುತ್ತಿದ್ದಳು. ಒಂದು ಬರೆಯೋದು. ಇನ್ನೊಂದು, ಮಯಾಮಿಯ ಶ್ರೀಮಂತರ ಮನೆಯಲ್ಲಿ ಕಸಮುಸುರೆ. ಆ ಮನೆಯೊಡತಿ ಒಂದು ದಿನ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ಪತ್ರಿಕೆ ತಿರುವಿ ಹಾಕುತ್ತಾ ಒಂದು ಕತೆ ಓದುತ್ತಾಳೆ, ಕತೆ ಬರೆದವಳ ಹೆಸರು ನೋಡುತ್ತಾಳೆ. ಆ ಹೆಸರಿನವಳು ಅದೇ ಮನೆಯಲ್ಲಿ ಧೂಳು ಹೊಡೀತಾ ಇದ್ದಾಳೆ! ದೇಶದ ದೊಡ್ಡ ಪತ್ರಿಕೆಯಲ್ಲಿ ಕತೆ ಅಚ್ಚಾದ ಹೊತ್ತಿನಲ್ಲೂ ಮುಸುರೆ ತಪ್ಪಲಿಲ್ಲ. ಅದೇ ವರ್ಷ ಅವಳು ‘ನೀಗ್ರೋ ಡೈಜೆಸ್ಟ್’ ಪತ್ರಿಕೆಗೆ ಒಂದು ಲೇಖನ ಬರೆದಳು, ಬಿಳಿಯ ಪ್ರಕಾಶಕರು ಏನನ್ನು ಅಚ್ಚು ಹಾಕುವುದಿಲ್ಲ ಎಂಬುದರ ಬಗ್ಗೆ. ಅವಳ ವಾದದ ಸಾರ ಇಷ್ಟು: ಕಪ್ಪು ಮನುಷ್ಯನ ಗೋಳು, ಗಲಭೆ, ವಿಚಿತ್ರ ಇವರಿಗೆ ಬೇಕು, ಕಪ್ಪು ಮನುಷ್ಯ ಮಾಮೂಲಿಯಾಗಿ ಪ್ರೀತಿಸುವುದು, ಯೋಚಿಸುವುದು, ಮನೆ ನಡೆಸುವುದು ಬೇಡ, ಯಾಕೆಂದರೆ ಅಂಥವನು ಇದ್ದಾನೆ ಅಂತ ಅವರು ನಂಬುವುದಿಲ್ಲ. ಎಪ್ಪತ್ತೈದು ವರ್ಷ ದಾಟಿದ ಈ ಮಾತನ್ನು ನಮ್ಮ ಏಪ್ರಿಲ್ ಫೋನಿನ ಪಕ್ಕ ಇಟ್ಟು ನೋಡಿ. ನೋವು ಮಾತ್ರ ಮಾರಾಟವಾಗುವ ಸಂತೆಯಲ್ಲಿ ನೋವು ಇಲ್ಲದ ದಿನ ಕೂಲಿ ಇಲ್ಲ. ಆಗ ಲೇಖಕ ಮಾಡುವುದೇನು? ಇದ್ದ ನೋವನ್ನೇ ತಿರುಗಿ ಮುರುಗಿ ಕೆದಕುತ್ತಾನೆ. ನಮ್ಮ ಆತ್ಮಕತೆಗಳಲ್ಲಿ, ಎರಡನೆಯ ಮೂರನೆಯ ಕವನ ಸಂಕಲನಗಳಲ್ಲಿ ಅದೇ ಚಿತ್ರ, ಅದೇ ಬಾವಿ, ಅದೇ ಲೋಟ ಮರಳಿ ಬರುವುದನ್ನು ವಿಮರ್ಶಕರು ‘ಅನುಭವ ದಾರಿದ್ರ್ಯ’ ಎಂದು ಹೀಗಳೆಯುತ್ತಾರೆ. ಗಿರಾಕಿ ಕೇಳಿದ್ದು ಅದೊಂದನ್ನೇ ಎಂಬುದನ್ನು ಅವರು ಹೇಳುವುದಿಲ್ಲ.

ಹರ್ಸ್ಟನ್ ಕತೆಯಲ್ಲಿ ಇನ್ನೊಂದು ಎಳೆ ಇದೆ. 1929ರ ನಂತರ ಅಮೆರಿಕದಲ್ಲಿ ಕೆಲಸಗಳು ಬಿದ್ದುಹೋದಾಗ, ಪತ್ರಿಕೆಗಳು ಮುಚ್ಚಿದಾಗ, ಅಲ್ಲಿನ ಸರ್ಕಾರ ಲೇಖಕರನ್ನೂ ಕೆಲಸ ಕಳಕೊಂಡ ಕೂಲಿಗಳ ಪಟ್ಟಿಗೆ ಸೇರಿಸಿತು. ರಸ್ತೆ ಹಾಕುವವನಿಗೆ, ಕಟ್ಟೆ ಕಟ್ಟುವವನಿಗೆ ಕೂಲಿ ಕೊಟ್ಟ ಹಾಗೆಯೇ ಬರೆಯುವವನಿಗೂ ಕೂಲಿ. 1935ರಲ್ಲಿ ಶುರುವಾದ ಫೆಡರಲ್ ರೈಟರ್ಸ್ ಪ್ರಾಜೆಕ್ಟ್ ಅದು. ರಾಜ್ಯಕ್ಕೊಂದು ದರ, ದೊಡ್ಡ ನಗರಗಳಲ್ಲಿ ವಾರಕ್ಕೆ ಇಪ್ಪತ್ತು ಡಾಲರಿನ ಆಸುಪಾಸು. ಶ್ರೀಮಂತರಾಗುವ ದುಡ್ಡಲ್ಲ, ಆದರೆ ವಾರದ ಕೊನೆಗೆ ಕೈಗೆ ಬರುವ ದುಡ್ಡು. ಅದನ್ನು ಯಾರೂ ಗೌರವಧನ ಅನ್ನಲಿಲ್ಲ. ರಿಚರ್ಡ್ ರೈಟ್ ಆ ಕೂಲಿ ತಿಂದು ಬರೆದ. ಅವನ ‘ನೇಟಿವ್ ಸನ್’ 1940ರಲ್ಲಿ ಬಂತು. ರಾಲ್ಫ್ ಎಲಿಸನ್ ಹಾರ್ಲೆಮ್ಮಿನ ಬೀದಿಗಳಲ್ಲಿ ಜನರ ಮಾತು ಬರೆದುಕೊಂಡ. ಆ ಮಾತಿನ ಲಯ 1952ರ ‘ಇನ್‌ವಿಸಿಬಲ್ ಮ್ಯಾನ್’ ಕಾದಂಬರಿಯಲ್ಲಿ ಕೇಳುತ್ತದೆ. ಜೀತದಲ್ಲಿ ಹುಟ್ಟಿ ಇನ್ನೂ ಬದುಕಿದ್ದ ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ಮುದುಕ ಮುದುಕಿಯರ ಬಾಯಿಮಾತು 1936ರಿಂದ 1938ರೊಳಗೆ ದಾಖಲಾಯಿತು. ಈ ಯೋಜನೆ ಇರದೆ ಹೋಗಿದ್ದರೆ ಅವರ ಜೊತೆ ಆ ಮಾತೂ ಮಣ್ಣಾಗುತ್ತಿತ್ತು.

ಹಾಗಂತ ಅದನ್ನು ಹೊಗಳಿ ಮುಗಿಸುವಂತಿಲ್ಲ. 1937ರಲ್ಲಿ ಅದರ 4,500 ಕೆಲಸಗಾರರಲ್ಲಿ ಕಪ್ಪು ಜನ 106. ಫ್ಲಾರಿಡಾದಲ್ಲಿ ಕಪ್ಪು ಬರಹಗಾರರಿಗೆ ಬೇರೆ ಕಚೇರಿ. 1938ರಲ್ಲಿ ಅಲ್ಲಿ ಸೇರಿದ ಹರ್ಸ್ಟನ್, ಆ ಕಚೇರಿಯ ಬಹುಪಾಲು ಬಿಳಿಯರಿಗಿಂತ ಹೆಚ್ಚು ಪುಸ್ತಕ ಬರೆದಿದ್ದರೂ ಸಂಪಾದಕಿಯಾಗಲಿಲ್ಲ. ಪರಿಹಾರದ ಕೂಲಿಯವಳಾಗಿ ದುಡಿದಳು. ಕಪ್ಪು ಜನರ ಮೇಲೆ ಸಿದ್ಧಪಡಿಸಿದ ಅವರ ಪುಸ್ತಕ ಆಗ ಅಚ್ಚಾಗಲೇ ಇಲ್ಲ. ಒಳ್ಳೆಯ ಕೂಲಿ ಎಲ್ಲಿದೆಯೋ ಅಲ್ಲಿ ಬಾಗಿಲಿನ ಪ್ರಶ್ನೆ ಎದ್ದೇ ಏಳುತ್ತದೆ ಎನ್ನುವುದಕ್ಕೆ ಇದನ್ನು ಹೇಳಿದೆ. 1960ರ ಜನವರಿಯಲ್ಲಿ ಅವಳು ಸತ್ತದ್ದು ಬಡವರ ಆಶ್ರಯದ ಮನೆಯಲ್ಲಿ. ಗೋರಿಗೆ ಕಲ್ಲಿರಲಿಲ್ಲ, 1973ರಲ್ಲಿ ಆಲಿಸ್ ವಾಕರ್ ಹುಡುಕಿಕೊಂಡು ಹೋಗಿ ಕಲ್ಲು ಹಾಕಿಸಿದಳು.

ನಮ್ಮ ಹತ್ತಿರದ ಉದಾಹರಣೆ ಬೇಕೆಂದರೆ ಅಣ್ಣಾಭಾವು ಸಾಠೆ. 1920ರಲ್ಲಿ ಸಾಂಗ್ಲಿ ಜಿಲ್ಲೆಯ ಮಾಂಗರ ಕೇರಿಯಲ್ಲಿ ಹುಟ್ಟಿ, ಮುಂಬಯಿಗೆ ನಡೆದು ಬಂದು, ಹಮಾಲಿ ಮಾಡಿ, ಗಿರಣಿಯಲ್ಲಿ ದುಡಿದು, ಮೂವತ್ತಕ್ಕೂ ಹೆಚ್ಚು ಕಾದಂಬರಿ ಬರೆದವನು. 1959ರ ‘ಫಕೀರಾ’ ಕಾದಂಬರಿಗೆ ಮಹಾರಾಷ್ಟ್ರ ಸರ್ಕಾರದ ಬಹುಮಾನ ಬಂತು. ಹಲವು ಕಾದಂಬರಿಗಳು ಸಿನಿಮಾ ಆದವು. ಬರೆದದ್ದು ಘಾಟ್ಕೋಪರದ ಚಿರಾಗ್ ನಗರದ ಗುಡಿಸಲಲ್ಲಿ. 1969ರಲ್ಲಿ, ಐವತ್ತು ತುಂಬುವ ಮೊದಲೇ ಹೋದ. 2002ರಲ್ಲಿ ಅಂಚೆ ಚೀಟಿ ಬಂತು. 2022ರಲ್ಲಿ ಮಾಸ್ಕೋದಲ್ಲಿ ಪ್ರತಿಮೆ ನಿಂತಿತು. ಈ ಕತೆಯನ್ನು ನಮ್ಮವರು ವೇದಿಕೆಯಲ್ಲಿ ಹೇಳುವ ಧಾಟಿ ನನಗೆ ಹಿಡಿಸುವುದಿಲ್ಲ. ‘ನೋಡಿ, ಗುಡಿಸಲಲ್ಲಿ ಕೂತು ಬರೆದ, ಹಣಕ್ಕೆ ಆಸೆಪಡಲಿಲ್ಲ’ ಅಂತಾರೆ. ಆಸೆಪಡಲಿಲ್ಲ ಅಂತ ನಿಮಗೆ ಹೇಳಿದವರ್ಯಾರು? ಸಿನಿಮಾದವನು ದುಡಿದ, ಪ್ರಕಾಶಕ ದುಡಿದ, ಬರೆದವನ ಗುಡಿಸಲು ಮಾತ್ರ ಗುಡಿಸಲಾಗಿಯೇ ಉಳಿಯಿತು ಅಂದರೆ ಅದು ತ್ಯಾಗ ಅಲ್ಲ, ಕಳ್ಳತನ.

ಕನ್ನಡದಲ್ಲಿ ಬರೆದೇ ಬದುಕಿದವರು ಇಲ್ಲವೆಂದಲ್ಲ. ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. (ಕುಲಕರ್ಣಿಯವರ ಹೆಗಲ ಮೇಲಿನ ಗಂಟು ಪುಣ್ಯಕಥೆಯಾಯಿತು; ನಮ್ಮಜ್ಜಂದಿರ ತಲೆಯ ಮೇಲಿನ ಗಂಟು ಯಾವ ಕಥೆಯೂ ಆಗಲಿಲ್ಲ. ಇರಲಿ.) ಅನಕೃ ನೂರಕ್ಕೂ ಹೆಚ್ಚು ಕಾದಂಬರಿ ಬರೆದು ಅದನ್ನೇ ಬದುಕು ಮಾಡಿಕೊಂಡರು. ನಿರಂಜನರು ಕತೆ ಕಾದಂಬರಿಯ ಜೊತೆ ಅಂಕಣ ಬರೆದರು, ‘ಜ್ಞಾನಗಂಗೋತ್ರಿ’ ಸಂಪಾದಿಸಿದರು, 25 ಸಂಪುಟಗಳ ‘ವಿಶ್ವಕಥಾಕೋಶ’ ಮಾಡಿಸಿದರು. ಆ ಕೋಶದಿಂದ ಎಷ್ಟೋ ಅನುವಾದಕರಿಗೆ ಕೆಲಸ ಸಿಕ್ಕಿತು. ಎಡಪಂಥದ ಮನುಷ್ಯ ಬರವಣಿಗೆಯನ್ನು ದುಡಿಮೆ ಅಂದುಕೊಂಡದ್ದರಲ್ಲಿ ಅಚ್ಚರಿಯಿಲ್ಲ. ಅಚ್ಚರಿ ಇರೋದು, ನಮ್ಮವರು ಆ ದಾರಿಯನ್ನು ‘ಜನಪ್ರಿಯ’ ‘ಅಗ್ಗ’ ಎಂದು ತಳ್ಳಿದ್ದರಲ್ಲಿ. ಸಿದ್ಧಲಿಂಗಯ್ಯನವರು 1983ರಲ್ಲಿ ಪುಟ್ಟಣ್ಣನವರ ‘ಧರಣಿ ಮಂಡಲ ಮಧ್ಯದೊಳಗೆ’ ಚಿತ್ರಕ್ಕೆ ಪ್ರೇಮಗೀತೆ ಬರೆದದ್ದನ್ನು ಈಗಲೂ ಮೂಗು ಮುರಿದು ಹೇಳುವವರು ಸಿಗುತ್ತಾರೆ. ಹೋರಾಟದ ಹಾಡು ಕಟ್ಟಿದವನಿಗೆ ಗೆಳತಿ ಇರಬಾರದೇ? ಇದ್ದರೂ ಅವಳ ಮೇಲೆ ಬರೆದು ಕಾಸು ಈಸಿಕೊಳ್ಳಬಾರದೇ? ಹರ್ಸ್ಟನ್ ಹೇಳಿದ ಬಿಳಿಯ ಪ್ರಕಾಶಕ ನಮ್ಮ ಒಳಗೂ ಕೂತಿದ್ದಾನೆ.

ಹಾಗಾದರೆ ಒಳ್ಳೆಯ ಕೂಲಿಯ ಬರವಣಿಗೆ ಇವತ್ತು ಎಲ್ಲಿದೆ? ಸಾಹಿತ್ಯ ಪತ್ರಿಕೆಗಳಲ್ಲಿ ಇಲ್ಲ, ಅದನ್ನು ಮೊದಲು ಒಪ್ಪಿಕೊಳ್ಳೋಣ. ದಿನಪತ್ರಿಕೆಯ ಪುರವಣಿಯಲ್ಲೂ ಇಲ್ಲ. ಸಾಹಿತ್ಯ ಎಂದು ಕರೆಸಿಕೊಳ್ಳದ ಜಾಗಗಳಲ್ಲಿ ಇದೆ. ಡಬ್ಬಿಂಗ್ ಉದಾಹರಣೆ ತಗೊಳ್ಳಿ. ದಶಕಗಳ ಕಾಲ ಕನ್ನಡಕ್ಕೆ ಡಬ್ಬಿಂಗ್ ಬರಗೊಡಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ಆದೇಶ ಕೊಟ್ಟಿತು, 2017ರಲ್ಲಿ ‘ಸತ್ಯದೇವ್ ಐಪಿಎಸ್’ ತೆರೆಗೆ ಬಂತು. ತಡೆ ಸರಿಯೋ ತಪ್ಪೋ ಅನ್ನೋ ಜಗಳ ಬೇರೆ. ಆ ಜಗಳದಲ್ಲಿ ನಾಯಕನ ಮಾರುಕಟ್ಟೆ, ತಂತ್ರಜ್ಞರ ಕೆಲಸ ಎಲ್ಲ ಲೆಕ್ಕಕ್ಕೆ ಬಂದವು. ತುಟಿಗೆ ಹೊಂದುವ ಹಾಗೆ ಸಂಭಾಷಣೆ ಬರೆಯುವ ಕೈಗೆ ಸಿಗಬಹುದಾದ ಕೂಲಿ ಲೆಕ್ಕಕ್ಕೆ ಬರಲಿಲ್ಲ. ಈಗ ಆ ಕೆಲಸ ಇದೆ. ಹಳ್ಳಿಯ ಮಾತು, ಬೈಗುಳ, ಗಾದೆ ಗೊತ್ತಿರುವವನಿಗೆ ಅಲ್ಲಿ ಜಾಗ ಇರಬೇಕು. ಆದರೆ ಡಬ್ಬಿಂಗ್ ಚಿತ್ರಗಳಲ್ಲಿ ಕೇಳಿಸೋದು ಯಾವ ಊರಿನ ಕನ್ನಡ? ಯಾವ ಊರಿನದೂ ಅಲ್ಲ. ಆ ಕನ್ನಡ ಕೇಳಿದರೆ ಕೆಲಸ ಯಾರ ಕೈಯಲ್ಲಿದೆ ಗೊತ್ತಾಗುತ್ತೆ.

ನಾನು ಇದಕ್ಕಿಂತ ಮುಖ್ಯ ಎಂದುಕೊಂಡಿರುವ ಜಾಗ ಬೇರೆ. ಹೊಸ ಔಷಧಿಯನ್ನು ರೋಗಿಯ ಮೇಲೆ ಪ್ರಯೋಗಿಸಿ ನೋಡಬೇಕಾದರೆ ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರ ಕೊಟ್ಟು ಒಪ್ಪಿಗೆ ಪಡೆಯಬೇಕು ಎಂದು 2019ರ ಔಷಧ ಪ್ರಯೋಗ ನಿಯಮಗಳು ಹೇಳುತ್ತವೆ. ಆ ಕನ್ನಡ ಪತ್ರವನ್ನು ಯಾರೋ ಬರೆಯುತ್ತಾರೆ. ಇನ್ನೊಬ್ಬರು ಅದನ್ನು ತಿರುಗಿ ಇಂಗ್ಲಿಷಿಗೆ ಮಾಡಿ ಹೊಂದುತ್ತದೆಯೇ ಎಂದು ನೋಡುತ್ತಾರೆ. ಕತೆಗೆ ಸಿಗುವುದಕ್ಕಿಂತ ಒಳ್ಳೆಯ ಕೂಲಿ ಇದಕ್ಕಿದೆ. ಸಂಘಗಳಿಗೆ ಸಾಲ ಕೊಡುವ ಮೈಕ್ರೋಫೈನಾನ್ಸ್ ಕಂಪನಿಗಳು ಸಾಲದ ಕಾರ್ಡನ್ನು ಸಾಲಗಾರಳಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂದು 2022ರ ರಿಸರ್ವ್ ಬ್ಯಾಂಕ್ ನಿರ್ದೇಶನ ಇದೆ. ಅದನ್ನೂ ಯಾರೋ ಬರೆಯುತ್ತಾರೆ. ಈಗ ಕೇಳಿ: ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ಆ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವವರು ಯಾರು? ಆ ಸಾಲದ ಕಾರ್ಡು ಯಾರ ಕೇರಿಯ ಗೂಟಕ್ಕೆ ನೇತಾಡುತ್ತಿದೆ? ‘ಪ್ರತಿಕೂಲ ಪರಿಣಾಮಗಳು ಸಂಭವಿಸುವ ಸಾಧ್ಯತೆಯನ್ನು ತಳ್ಳಿಹಾಕಲಾಗದು’ ಎಂದು ಬರೆದವನಿಗೆ ಕಾಸು ಸಂದಾಯವಾಗಿದೆ. ಓದಿಸಿಕೊಂಡ ಅವ್ವನಿಗೆ ಏನೂ ತಿಳಿದಿಲ್ಲ. ‘ಈ ಮಾತ್ರೆಯಿಂದ ನಿಮಗೆ ತೊಂದರೆಯೂ ಆಗಬಹುದು, ಬೇಡ ಅನ್ನೋ ಹಕ್ಕು ನಿಮಗಿದೆ’ ಎಂದು ಬರೆಯಬಲ್ಲವನು ಅದೇ ಅವ್ವನ ಮಗ, ಆಷಾಢದಲ್ಲಿ ಕೆಲಸ ಇಲ್ಲದೆ ಕೂತಿದ್ದಾನೆ. ಬಂಡಾಯದ ಸಾಲನ್ನು ಕವಿತೆಯಲ್ಲಿ ಮಾತ್ರ ಬರೆಯಬೇಕು ಎಂದು ಯಾರು ಹೇಳಿದರು?

ಕಲಮನ್ನು ಮಾರಿಕೊಳ್ಳೋದು ಅಂತಾರೆ. ಕಲಮು ಬೇರೆ, ಕಲಮಿನ ದುಡಿಮೆ ಬೇರೆ. ಗಾರೆ ಕೆಲಸದವನು ದುಡಿಮೆ ಮಾರುತ್ತಾನೆ, ಕೈಯನ್ನು ಮಾರುವುದಿಲ್ಲ. ಬಡ್ಡಿಯ ದರವನ್ನು ಮರೆಮಾಚುವ ಹಾಗೆ ಜಾಹೀರಾತು ಬರೆದುಕೊಡು ಅಂದರೆ ಆಗಲ್ಲ ಅನ್ನಬೇಕು, ಅಷ್ಟೆ. ಆಗಲ್ಲ ಅನ್ನೋ ಧೈರ್ಯವೂ ಹೊಟ್ಟೆ ತುಂಬಿದ ದಿನ ಸ್ವಲ್ಪ ಹೆಚ್ಚು ಬರುತ್ತೆ.

ಈ ಕೆಲಸಗಳು ಯಾಕೆ ನಮ್ಮ ಕೈಗೆ ಸಿಗುತ್ತಿಲ್ಲ? ಇವಕ್ಕೆ ಅರ್ಜಿ ಕರೆಯುವುದಿಲ್ಲ, ಮೀಸಲಾತಿ ಇಲ್ಲ. ಒಬ್ಬರು ಇನ್ನೊಬ್ಬರಿಗೆ ಫೋನು ಮಾಡಿ ‘ನಿಮಗೆ ಗೊತ್ತಿರೋರು ಯಾರಾದರೂ ಇದಾರಾ’ ಅಂತಾರೆ. ಗೊತ್ತಿರೋರು ಅಂದರೆ ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಜೊತೆಗೆ ಇಂಗ್ಲಿಷು. 1920ರಲ್ಲಿ ಬಾಬಾಸಾಹೇಬರು ‘ಮೂಕನಾಯಕ’ ಶುರು ಮಾಡಿದಾಗ ಅದರ ಜಾಹೀರಾತನ್ನು ಕಾಸು ಕೊಡುತ್ತೇವೆ ಅಂದರೂ ‘ಕೇಸರಿ’ ಪತ್ರಿಕೆ ಹಾಕಲಿಲ್ಲ. ಬಾಗಿಲು ಈಗ ಅಷ್ಟು ಬಹಿರಂಗವಾಗಿ ಮುಚ್ಚುವುದಿಲ್ಲ. ಬಾಗಿಲು ಇದೆ ಎಂಬುದೇ ಗೊತ್ತಾಗದ ಹಾಗೆ ಇಟ್ಟಿರುತ್ತಾರೆ. ಆದ್ದರಿಂದ ಸಿಕ್ಕಿದವರು ಇನ್ನೊಬ್ಬರಿಗೆ ಹೇಳಬೇಕು. ಯಾರು ಎಷ್ಟು ಕೊಟ್ಟರು, ಎಷ್ಟು ತಿಂಗಳು ಸತಾಯಿಸಿದರು ಎಂಬುದನ್ನು ಮುಚ್ಚಿಡಬಾರದು. ಹೊಲದ ಕೂಲಿಯವರು ಬಾವಿಕಟ್ಟೆಯಲ್ಲಿ ಈ ಲೆಕ್ಕ ಹಂಚಿಕೊಂಡೇ ದರ ಏರಿಸಿದರು.

ಲೆಕ್ಕದ ಮಾತು ಬಂದದ್ದಕ್ಕೆ ಒಂದು ಮೋಸ ಹೇಳುತ್ತೇನೆ. ಅನುವಾದಕ್ಕೆ ಪದಕ್ಕಿಷ್ಟು ಅಂತ ಕೊಡುತ್ತಾರೆ. ಕನ್ನಡ ಅಂಟಿಕೊಂಡು ಬೆಳೆಯುವ ಭಾಷೆ. ‘ಹೋಗಬೇಕಾಗಿತ್ತಂತೆ’ ನಮಗೆ ಒಂದು ಪದ. ಇಂಗ್ಲಿಷಿನಲ್ಲಿ ಅದಕ್ಕೆ ಐದಾರು ಪದ. ಕನ್ನಡದ ಪದ ಎಣಿಸಿ ಕೊಟ್ಟರೆ ನೂರು ಪದ ದುಡಿದವನಿಗೆ ಅರವತ್ತೋ ಎಪ್ಪತ್ತೋ ಪದದ ಕೂಲಿ. ಎಣಿಕೆ ಮೂಲದ ಇಂಗ್ಲಿಷ್ ಪದಗಳದ್ದಾಗಬೇಕು, ಕೆಲಸ ಹಿಡಿಯುವ ಮೊದಲೇ ಬರವಣಿಗೆಯಲ್ಲಿ ಆಗಬೇಕು. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಕಳಕೊಂಡವರಿದ್ದಾರೆ.

ಈಗ ಯಂತ್ರವೂ ಬಂದಿದೆ. 2022ರ ಕೊನೆಯಿಂದ ಬರೆಯುವ ಯಂತ್ರಗಳು ಎಲ್ಲರ ಕೈಗೆ ಸಿಕ್ಕವು. ‘ಯಂತ್ರ ಮಾಡಿಕೊಟ್ಟಿದೆ, ನೀವು ಸುಮ್ಮನೆ ತಿದ್ದಿ’ ಎಂದು ಹೇಳಿ ಕಡಿಮೆ ದರಕ್ಕೆ ಇಳಿಸುತ್ತಾರೆ. ತಿದ್ದುವುದಕ್ಕೆ ಹೊಸದಾಗಿ ಬರೆಯುವಷ್ಟೇ ಹೊತ್ತು ಹಿಡಿಯುವುದನ್ನು ಹೇಳುವುದಿಲ್ಲ. ಆದರೆ ಇದೇ ಯಂತ್ರ ಒಂದು ವಿಚಿತ್ರವನ್ನೂ ತೋರಿಸಿತು. ಯಂತ್ರಕ್ಕೆ ಕನ್ನಡ ಕಲಿಸಲು ಕರ್ನಾಟಕದ ಹಳ್ಳಿಗಳ ಹೆಂಗಸರು ಫೋನಿಗೆ ಕನ್ನಡ ವಾಕ್ಯ ಓದಿ ಹೇಳಿ ಗಂಟೆಗೆ ಐದು ಡಾಲರಿನಷ್ಟು, ಅಂದರೆ ನಾನೂರು ರೂಪಾಯಿಯ ಸುಮಾರು, ಪಡೆದದ್ದನ್ನು 2023ರಲ್ಲಿ ‘ಟೈಮ್’ ಪತ್ರಿಕೆ ವರದಿ ಮಾಡಿತು. ಆ ಕೆಲಸ ಕೊಟ್ಟ ‘ಕಾರ್ಯ’ ಎಂಬ ಸಂಸ್ಥೆ, ಆ ದನಿಯನ್ನು ಮತ್ತೊಬ್ಬರಿಗೆ ಮಾರಿದಾಗಲೂ ದನಿ ಕೊಟ್ಟವರಿಗೆ ಪಾಲು ಕೊಡುವ ಕ್ರಮ ಇಟ್ಟುಕೊಂಡಿದೆ. ಕೇರಿಯ ಬಾಯಿಗೆ ಗಂಟೆಯ ಲೆಕ್ಕದಲ್ಲಿ ಕೂಲಿ, ಮರುಮಾರಾಟದಲ್ಲಿ ಪಾಲು. ನಾಲ್ಕು ದಿನ ಕೂತು ಪುಸ್ತಕ ವಿಮರ್ಶೆ ಬರೆದವನಿಗೆ ಒಂದು ಗೌರವ ಪ್ರತಿ.

ಕಾನೂನಿನ ಎರಡು ಮಾತು ತಿಳಿದಿರಬೇಕು. ನೌಕರನಲ್ಲದವನು ಬರೆದ ಲೇಖನದ ಮೊದಲ ಒಡೆಯ ಅವನೇ, 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ. ‘ಹವ್ಯಾಸಿ’ಗೆ ಇರುವ ಲಾಭ ಇದೊಂದು. ಹಕ್ಕನ್ನು ಬರೆದುಕೊಡುವುದಾದರೆ ಕಾಗದದ ಮೇಲೆ ಸಹಿ ಬೇಕು. ಎಷ್ಟು ವರ್ಷ ಎಂದು ಹೇಳದಿದ್ದರೆ ಐದೇ ವರ್ಷ, ಆಮೇಲೆ ಹಕ್ಕು ವಾಪಸ್ಸು. ಇನ್ನೊಂದು, ಬರೆಯುವ ಒಬ್ಬಂಟಿ ಮನುಷ್ಯನೂ ಉದ್ಯಮ್ ನೋಂದಣಿಯಲ್ಲಿ ಸೂಕ್ಷ್ಮ ಉದ್ಯಮವಾಗಿ ಸೇರಬಹುದು, ಅದಕ್ಕೆ ಶುಲ್ಕ ಇಲ್ಲ. ಸೇರಿದವನಿಗೆ 2006ರ ಕಾಯಿದೆಯ ಪ್ರಕಾರ 45 ದಿನ ಮೀರದೆ ಕಾಸು ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಮ್ಮ ಹಿರಿಯರ ಬೆನ್ನಿಗೆ ಚಕ್ರಬಡ್ಡಿಯ ಬರೆ ಇದೆ. ಅದೇ ಬಡ್ಡಿ ಒಂದು ಸಲ ನಮ್ಮ ಕಡೆಗೆ ತಿರುಗಿದ್ದರೆ ಅದನ್ನು ಬಳಸಲು ಏನು ಸಂಕೋಚ?

ಕಡೆಗೆ ನಮ್ಮ ಮನೆಯ ಮಾತು, ಅಂದರೆ ಇಂಥ ಸಣ್ಣ ಪತ್ರಿಕೆಗಳದ್ದು. ‘ಬಹಿಷ್ಕೃತ ಭಾರತ’ದ ಅಂಕಣಗಳನ್ನು ಬಾಬಾಸಾಹೇಬರು ಬೇರೆ ಕೈ ಸಿಗದೆ ತಾವೇ ತುಂಬಿಸಿದರು. 2022ರಲ್ಲಿ ದೇವನೂರರು ‘ಆರ್‌ಎಸ್‌ಎಸ್: ಆಳ ಮತ್ತು ಅಗಲ’ವನ್ನು ಹಲವು ಪ್ರಕಾಶಕರು ಒಟ್ಟಿಗೆ ಅಚ್ಚು ಹಾಕಲು ಬಿಟ್ಟುಕೊಟ್ಟರು. ಇವು ಕೊಟ್ಟದ್ದು, ಕಿತ್ತುಕೊಂಡದ್ದಲ್ಲ. ಸ್ವಂತ ಹಟ್ಟಿಯ ಮಾಡು ಹೊದಿಸಲು ಕೂಲಿ ಕೇಳುವುದಿಲ್ಲ, ಸರಿ. ಆದರೆ ಹಟ್ಟಿಯ ಹೆಸರಲ್ಲಿ ಗೌಡನ ತೊಟ್ಟಿಮನೆಗೆ ಹಂಚು ಹೊರಿಸಬಾರದು. ಸಣ್ಣ ಪತ್ರಿಕೆಯಲ್ಲಿ ಬಿಟ್ಟಿ ಬಂದ ಕತೆಗಳನ್ನು ಆಯ್ದು ಸಂಪಾದಕರು ಸಂಕಲನ ಮಾಡುತ್ತಾರೆ, ಅದು ಸಗಟು ಖರೀದಿಯಲ್ಲಿ ಗ್ರಂಥಾಲಯಕ್ಕೆ ಹೋಗುತ್ತದೆ, ಪಠ್ಯವೂ ಆಗುತ್ತದೆ. ಬರೆದವರಿಗೆ ಅದು ಗೊತ್ತಾಗುವುದು ಪರೀಕ್ಷೆ ಬರೆದ ಮಕ್ಕಳು ಹೇಳಿದಾಗ. ಇದು ನಿಲ್ಲಬೇಕು. ಕೊಡಲು ಕಾಸಿಲ್ಲದ ಪತ್ರಿಕೆ ಕಾಸಿಲ್ಲ ಎಂದು ಮೊದಲೇ ಹೇಳಲಿ. ಬರಹದ ಹಕ್ಕು ಬರೆದವರದೇ ಎಂದು ಒಳಪುಟದಲ್ಲಿ ಅಚ್ಚು ಹಾಕಲಿ. ಸಂಕಲನ ಮಾರಾಟವಾದ ದಿನ, ಎಷ್ಟು ಪ್ರತಿ ಹೋಯಿತು, ಎಷ್ಟು ಬಂತು ಎಂಬ ಲೆಕ್ಕವನ್ನೂ ಬರೆದವರ ಪಾಲನ್ನೂ ಒಂದೇ ಲಕೋಟೆಯಲ್ಲಿ ಕಳಿಸಲಿ. ಲಕೋಟೆಯ ಮೇಲೆ ಗೌರವಧನ ಎಂದು ಬರೆಯುವುದು ಬೇಡ.